ಬಿಷಪ್ಪರ ಸೂಟ್‌ಕೇಸ್ ಮತ್ತು ದೆಹಲಿಯ ಖಾತೆ
ಹೊರದೇಶದ ಕಾಣಿಕೆ ಊರಿನ ಸಭೆಗೆ ತಲುಪುವುದು ಹೇಗೆ?

"ಸರ, ಅಮೆರಿಕದ ಸಭೆಯವ್ರು ಐದು ಸಾವಿರ ಡಾಲರ್ ಕೊಡ್ತೀವಿ ಅಂದಾರ. ನನ್ನ ಅಕೌಂಟ್ ನಂಬರ್ ಕಳಿಸ್ಲೇನ್ರಿ?"

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಸಣ್ಣ ಸಭೆಯ ಹಿರಿಯರು ಯಾರಾದರೂ ಹೀಗೆ ಕೇಳಿದರೆ ಒಂದೇ ಉತ್ತರ: "ಬ್ಯಾಡ್ರಿ ಅಯ್ಯನೋರೆ, ಈಗ್ಲೇ ಕಳಿಸ್ಬ್ಯಾಡ್ರಿ." ಕೊಡುವವರ ಮನಸ್ಸು ಒಳ್ಳೆಯದೇ ಇರಬಹುದು, ಪಡೆಯುವವರ ಉದ್ದೇಶವೂ ಒಳ್ಳೆಯದೇ. ಆದರೂ ದಾರಿ ತಪ್ಪಿ ಬಂದ ಹಣ ಸಭೆಗೆ ಆಸರೆಯಾಗುವುದಿಲ್ಲ, ತೊಡಕಾಗುತ್ತದೆ. ಸರಿಯಾದ ದಾರಿ ಯಾವುದು, ಅದಕ್ಕೆ ಏನೇನು ಬೇಕು, ಎಷ್ಟು ಖರ್ಚು, ಎಲ್ಲಿಗೆ ಹೋಗಬೇಕು ಎನ್ನುವುದನ್ನು ಒಂದೊಂದಾಗಿ ನೋಡೋಣ.

ಯಾರು ಈ ಬಿಷಪ್ಪರು?

ಬಿಷಪ್ ಎಂದರೆ ಹಲವು ಸಭೆಗಳ ಮೇಲ್ವಿಚಾರಕರು. ಕ್ಯಾಥೊಲಿಕರು ಧರ್ಮಾಧ್ಯಕ್ಷರು ಎನ್ನುತ್ತಾರೆ. ರಾಯಚೂರು ಜಿಲ್ಲೆಯ ಕ್ಯಾಥೊಲಿಕ್ ಚರ್ಚುಗಳು ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿವೆ. ದೊಡ್ಡ ಪಂಗಡಗಳಿಗೆ ಕಚೇರಿ, ಲೆಕ್ಕಿಗರು, ವಕೀಲರು ಎಲ್ಲ ಇರುತ್ತಾರೆ. ಈ ಲೇಖನ ಹೆಚ್ಚಾಗಿ ಅವರಿಗಲ್ಲ. ಕಾಲುವೆ ಪಕ್ಕದ ಕ್ಯಾಂಪಿನಲ್ಲೋ, ಹಳ್ಳಿಯ ಕೇರಿಯಲ್ಲೋ ತಗಡಿನ ಸೂರಿನಡಿ ಪ್ರಾರ್ಥನೆ ನಡೆಸುವ ಸ್ವತಂತ್ರ ಸಭೆಗಳಿಗೆ ಇದು. ಅಂಥ ಹತ್ತು ಹದಿನೈದು ಸಭೆ ಕೂಡಿ ಒಬ್ಬರನ್ನು ಬಿಷಪ್ ಎಂದು ಒಪ್ಪಿಕೊಂಡಿರುತ್ತವೆ.

ಅವರು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಹೊರದೇಶಕ್ಕೆ ಹೋಗುತ್ತಾರೆ. ಸೂಟ್‌ಕೇಸಿನಲ್ಲಿ ಎರಡು ಬಿಳಿ ನಿಲುವಂಗಿ, ಅರ್ಧ ಕಟ್ಟಿದ ಗೋಡೆಯ ಫೋಟೊ, ಲೆಟರ್‌ಹೆಡ್, ಯಾರಿಗಾದರೂ ಕೊಡಲು ಒಂದು ಇಳಕಲ್ ಸೀರೆ. ಭಾನುವಾರಕ್ಕೊಂದು ಚರ್ಚು, ಒಂದೊಂದು ಕಡೆ ಮೈಕಿನ ಮುಂದೆ ಹತ್ತು ನಿಮಿಷ. ಅಷ್ಟರಲ್ಲಿ ಊರಿನ ಕಷ್ಟ ಹೇಳಬೇಕು, ನಂಬಿಕೆ ಗಳಿಸಬೇಕು.

ಇದು ಹೊಸದೇನಲ್ಲ

ಈ ನೆಲಕ್ಕೆ ದೂರದ ಧರ್ಮದ ಮಾತು ಹೊಸದಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕ್ಯಾಥೊಲಿಕ್ ಕುಟುಂಬಗಳಿವೆ.

ಭಾರತದ ಸಭೆಗಳಿಗಾಗಿ ಹೊರದೇಶದಲ್ಲಿ ದನಿ ಎತ್ತಿದವರಲ್ಲಿ ವಿ. ಎಸ್. ಅಜರಯ್ಯ ಅವರದು ದೊಡ್ಡ ಹೆಸರು. ತಮಿಳುನಾಡಿನ ತಿರುನೆಲ್ವೇಲಿ ಸೀಮೆಯವರು. 1910ರಲ್ಲಿ ಎಡಿನ್‌ಬರೊದ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ ಮಾತಾಡುತ್ತ, ಪಾಶ್ಚಾತ್ಯ ಮಿಷನರಿಗಳು ನಮ್ಮನ್ನು ಸ್ನೇಹಿತರಂತೆ ಕಾಣಬೇಕು ಎಂದು ಎದುರಿಗೇ ಹೇಳಿದರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರಿಗೆ ಬಿಷಪ್ ದೀಕ್ಷೆಯಾಯಿತು. ಆಂಗ್ಲಿಕನ್ ಸಭೆಗೆ ಅವರೇ ಮೊದಲ ಭಾರತೀಯ ಬಿಷಪ್. ಅವರ ಕೇಂದ್ರ ದೋರ್ನಕಲ್. ಆಗ ಅದೂ ನಿಜಾಮರ ಸೀಮೆ, ನಮ್ಮ ರಾಯಚೂರೂ ನಿಜಾಮರ ಸೀಮೆ. ಊರಿನ ಸಭೆ ಊರಿನವರ ಕಾಣಿಕೆಯಿಂದಲೇ ನಿಲ್ಲಬೇಕು ಎಂಬುದು ಅವರ ಹಟ. ಕ್ರೈಸ್ತರು ಕಾಣಿಕೆ ಕೊಡುವ ಬಗೆಯ ಮೇಲೆ ಒಂದು ಪುಸ್ತಕವನ್ನೇ ಬರೆದರು.

ಅಜರಯ್ಯನವರ ಕಾಲದಲ್ಲಿ ಅದು ಹಟ. ಇಂದು ಹೆಚ್ಚುಕಡಿಮೆ ಅದೇ ಕಾನೂನು. ಹೇಗೆ ಎನ್ನುವುದು ಮುಂದೆ ತಿಳಿಯುತ್ತದೆ.

ಎಫ್‌ಸಿಆರ್‌ಎ ಎಂದರೇನು?

ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯನ್ನೇ ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಎಫ್‌ಸಿಆರ್‌ಎ ಎನ್ನುತ್ತಾರೆ. ಮೊದಲು ಬಂದದ್ದು 1976ರಲ್ಲಿ. ಅದನ್ನು ತೆಗೆದು 2010ರ ಕಾಯ್ದೆ ತಂದರು. ಅದು 2011ರ ಮೇ 1ರಿಂದ ಜಾರಿಯಾಯಿತು. 2020ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಯಾಗಿ ನಿಯಮಗಳು ಬಿಗಿಯಾದವು. ಆ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2022ರ ಏಪ್ರಿಲ್ 8ರಂದು ಎತ್ತಿಹಿಡಿಯಿತು. ಉಸ್ತುವಾರಿ ಕೇಂದ್ರ ಗೃಹ ಸಚಿವಾಲಯದ್ದು.

ಕಾಯ್ದೆಯ ತಿರುಳು ಇಷ್ಟೇ: ಸಂಘ ಸಂಸ್ಥೆಗಳು ಅನುಮತಿ ಇಲ್ಲದೆ ವಿದೇಶಿ ಹಣ ಪಡೆಯುವಂತಿಲ್ಲ. ಮಠ, ಮಸೀದಿ, ಚರ್ಚು, ಶಾಲೆ, ಮಹಿಳಾ ಸಂಘ ಎಲ್ಲಕ್ಕೂ ಒಂದೇ ನಿಯಮ.

"ಪ್ರಾರ್ಥನೆ ಮಾಡೋರಿಗೆ ಕೊಡ್ತಾರೇನ್ರಿ?" ಎಂಬ ಅನುಮಾನ ಹಲವರಿಗೆ. ಕೊಡುತ್ತಾರೆ. ಸಾಂಸ್ಕೃತಿಕ, ಆರ್ಥಿಕ, ಶೈಕ್ಷಣಿಕ, ಧಾರ್ಮಿಕ, ಸಾಮಾಜಿಕ ಎಂಬ ಐದು ಬಗೆಯ ಕೆಲಸಕ್ಕೆ ಕಾಯ್ದೆಯಲ್ಲಿ ಜಾಗವಿದೆ. ಆದರೆ ಆಮಿಷ ಅಥವಾ ಬಲವಂತದಿಂದ ಮತಾಂತರ ಮಾಡಿದ್ದಕ್ಕೆ, ಕೋಮು ವೈಷಮ್ಯ ಹುಟ್ಟಿಸಿದ್ದಕ್ಕೆ ಶಿಕ್ಷೆಯಾಗಿದ್ದರೆ ಇಲ್ಲವೇ ಮೊಕದ್ದಮೆ ನಡೆಯುತ್ತಿದ್ದರೆ ಅರ್ಜಿ ನಿಲ್ಲುವುದಿಲ್ಲ.

ಯಾವುದು ವಿದೇಶಿ ಹಣ, ಯಾವುದಲ್ಲ?

ಹೆಚ್ಚು ಜನ ಎಡವುವುದು ಇಲ್ಲೇ. ಹಣ ಡಾಲರಿನಲ್ಲಿದೆಯೋ ರೂಪಾಯಿಯಲ್ಲಿದೆಯೋ ಎಂಬುದು ಮುಖ್ಯವಲ್ಲ. ಕೊಡುವವರು ಯಾವ ದೇಶದ ಪ್ರಜೆ ಎಂಬುದು ಮುಖ್ಯ.

ಸಿಂಧನೂರಿನ ಹುಡುಗನೊಬ್ಬ ಅಮೆರಿಕದ ಕಂಪನಿಯಲ್ಲಿದ್ದಾನೆ, ಕೈಯಲ್ಲಿ ಭಾರತದ ಪಾಸ್‌ಪೋರ್ಟೇ ಇದೆ ಎನ್ನಿ. ತನ್ನ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಅಲ್ಲ. ಸಭೆಯ ಮಾಮೂಲಿ ಖಾತೆಗೇ ಹಾಕಿಸಿಕೊಳ್ಳಬಹುದು. ಅವನ ಪಾಸ್‌ಪೋರ್ಟಿನ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ, ನಾಳೆ ಯಾರಾದರೂ ಕೇಳಿದರೆ ತೋರಿಸಲು ಬೇಕು.

ಅದೇ ಹುಡುಗ ಅಮೆರಿಕದ ಪೌರತ್ವ ಪಡೆದ ಎನ್ನಿ. ಈಗ ಅವನ ಬಳಿ ಇರುವುದು ಒಸಿಐ ಕಾರ್ಡ್, ಅಂದರೆ ಭಾರತ ಮೂಲದ ವಿದೇಶಿ ಪ್ರಜೆಗೆ ಕೊಡುವ ಗುರುತುಪತ್ರ. ಊರು ಅದೇ, ಮನೆ ಅದೇ, ಅವ್ವ ಇಲ್ಲೇ ಇದ್ದಾಳೆ. ಆದರೂ ಅವನು ಕೊಟ್ಟ ನೂರು ರೂಪಾಯಿಯೂ ವಿದೇಶಿ ವಂತಿಗೆ. ಹಾಗೆಯೇ, ಊರಿಗೆ ಬಂದ ವಿದೇಶಿ ಅತಿಥಿ ಕಾಣಿಕೆ ಚೀಲಕ್ಕೆ ಐನೂರರ ನೋಟು ಹಾಕಿದರೂ ಅದು ವಿದೇಶಿ ವಂತಿಗೆಯೇ. ಅನುಮತಿ ಇಲ್ಲದ ಸಭೆ "ಕ್ಷಮಿಸ್ರಿ, ತಗೊಳ್ಳಾಕ ಬರಾಂಗಿಲ್ಲ" ಎಂದು ಕೈಮುಗಿಯುವುದೇ ಲೇಸು.

ಅನುಮತಿಗೆ ಎರಡು ದಾರಿ

ಮೊದಲ ದಾರಿ ನೋಂದಣಿ. ಫಾರಂ ಎಫ್‌ಸಿ-3ಎ. ಸಿಕ್ಕರೆ ಐದು ವರ್ಷ ಚಾಲ್ತಿ. ಇದಕ್ಕೆ ಎರಡು ಮುಖ್ಯ ಷರತ್ತು. ಸಂಸ್ಥೆ ಹುಟ್ಟಿ ಮೂರು ವರ್ಷವಾಗಿರಬೇಕು. ಕಳೆದ ಮೂರು ಹಣಕಾಸು ವರ್ಷಗಳಲ್ಲಿ ತನ್ನ ಮುಖ್ಯ ಕೆಲಸಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಕಚೇರಿ ಖರ್ಚು ಇದರಲ್ಲಿ ಸೇರುವುದಿಲ್ಲ.

ಈ 15 ಲಕ್ಷವನ್ನು ಬಿಡಿಸಿ ನೋಡಿ. ವರ್ಷಕ್ಕೆ 5 ಲಕ್ಷ, ತಿಂಗಳಿಗೆ ಸುಮಾರು 41,700 ರೂಪಾಯಿ. ಇದು ಇಲ್ಲಿನವರೇ ಕೊಟ್ಟ ಹಣ, ರಸೀದಿ ಇರುವ ಹಣ, ಆಡಿಟ್ ಆದ ಹಣ ಆಗಿರಬೇಕು. ಕೂಲಿಯವರು, ಗೇಣಿ ರೈತರು ಕೂಡಿದ ಸಭೆಗೆ ಇದು ಸಣ್ಣ ಮೊತ್ತವಲ್ಲ. ಜಾಗ, ಕಟ್ಟಡ, ವಾಹನಕ್ಕೆ ಹಾಕಿದ ಹಣವನ್ನೂ ಸೇರಿಸಬಹುದು. ಆದರೆ ಆ ಆಸ್ತಿಯನ್ನು ಈ ಕೆಲಸಕ್ಕಲ್ಲದೆ ಬೇರೆಯದಕ್ಕೆ ಬಳಸುವುದಿಲ್ಲ ಎಂದು ಸಂಸ್ಥೆಯ ಮುಖ್ಯಸ್ಥರು ಮುಚ್ಚಳಿಕೆ ಬರೆದುಕೊಡಬೇಕು.

ಎರಡನೆಯ ದಾರಿ ಪೂರ್ವಾನುಮತಿ. ಫಾರಂ ಎಫ್‌ಸಿ-3ಬಿ. ಹೊಸ ಸಂಸ್ಥೆಗಳಿಗೆ ಇದೇ ದಾರಿ. ಇಂಥ ದಾನಿ, ಇಂತಿಷ್ಟು ಮೊತ್ತ, ಇಂಥದೇ ಕೆಲಸ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯುವುದು. ಹಣ ಕೊಡುತ್ತೇವೆ ಎಂದು ದಾನಿ ಬರೆದ ಪತ್ರ, ಕೆಲಸದ ಪೂರ್ಣ ವಿವರ ಜತೆಗಿರಬೇಕು. ಬಿಷಪ್ಪರ ಪ್ರವಾಸದ ನಿಜವಾದ ಫಲ ಈ ಪತ್ರ. ನಗದು ತರಲು ಹೋಗಬೇಡಿ, ಸಹಿ ಮಾಡಿದ ಪತ್ರ ತನ್ನಿ.

ಅರ್ಜಿಯನ್ನು ಸಾಮಾನ್ಯವಾಗಿ 90 ದಿನದೊಳಗೆ ತೀರ್ಮಾನಿಸಬೇಕೆಂದು ಕಾಯ್ದೆ ಹೇಳುತ್ತದೆ. ನಡುವೆ ವಿಚಾರಣೆಗೆ ಜನ ಊರಿಗೆ ಬರಬಹುದು. ಬೋರ್ಡು ಎಲ್ಲಿದೆ, ಸಭೆ ಯಾವಾಗ ಕೂಡುತ್ತದೆ, ಪುಸ್ತಕ ತೋರಿಸಿ ಎನ್ನಬಹುದು. ಗಾಬರಿ ಬೇಡ, ಇದ್ದದ್ದನ್ನು ಇದ್ದ ಹಾಗೆ ತೋರಿಸಿ.

ಹಣ ಬರುವ ದಾರಿ

ಅನುಮತಿ ಸಿಕ್ಕ ಮೇಲೂ ವಿದೇಶಿ ಹಣ ನೇರವಾಗಿ ಸಿಂಧನೂರಿನ ಬ್ಯಾಂಕಿಗೆ ಬರುವಂತಿಲ್ಲ. ದೇಶದ ಯಾವ ಮೂಲೆಯ ಸಂಸ್ಥೆಯಾದರೂ ಮೊದಲು ಹಣ ಇಳಿಯುವುದು ಒಂದೇ ಶಾಖೆಗೆ: ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಮುಖ್ಯ ಶಾಖೆ. ನಿಮ್ಮ ಸಂಸ್ಥೆಯ ಎಫ್‌ಸಿಆರ್‌ಎ ಖಾತೆ ಅಲ್ಲಿರಬೇಕು.

"ಅದಕ್ಕ ದೆಹಲಿಗೆ ಹೋಗಬೇಕೇನ್ರಿ?" ಬೇಡ. ಹತ್ತಿರದ ಎಸ್‌ಬಿಐ ಶಾಖೆಯಲ್ಲೇ ಕಾಗದಪತ್ರ ಕೊಟ್ಟು ಆ ಖಾತೆ ತೆರೆಯಬಹುದು. ದೆಹಲಿಗೆ ಬಂದ ಹಣವನ್ನು ಆಮೇಲೆ ನಿಮ್ಮೂರಿನ ಬ್ಯಾಂಕಿನಲ್ಲಿ ಇದಕ್ಕೆಂದೇ ತೆರೆದ ಖಾತೆಗೆ ವರ್ಗಾಯಿಸಿಕೊಳ್ಳಬಹುದು. ಆ ಖಾತೆಗೆ ಊರಿನ ಕಾಣಿಕೆಯ ಒಂದು ರೂಪಾಯಿಯನ್ನೂ ಹಾಕಬಾರದು. ಕಾಲುವೆ ನೀರು ಬೇರೆ, ಬೋರಿನ ನೀರು ಬೇರೆ ಎಂಬಂತೆ ಎರಡು ಲೆಕ್ಕ ಬೇರೆಬೇರೆಯೇ ಹರಿಯಬೇಕು. ವಿದೇಶಿ ಹಣಕ್ಕೆ ಬಂದ ಬಡ್ಡಿಯೂ ವಿದೇಶಿ ಹಣದ ಲೆಕ್ಕಕ್ಕೇ ಸೇರುತ್ತದೆ.

ಬಂದ ಹಣವನ್ನು ಖರ್ಚು ಮಾಡುವುದು ಹೇಗೆ?

ಮೊದಲು ಕೇಳಿದ ಐದು ಸಾವಿರ ಡಾಲರನ್ನೇ ತೆಗೆದುಕೊಳ್ಳಿ. ಲೆಕ್ಕಕ್ಕೆಂದು ಡಾಲರಿಗೆ 85 ರೂಪಾಯಿ ಹಿಡಿದರೆ 4,25,000 ರೂಪಾಯಿ. ಇದರಲ್ಲಿ ಆಡಳಿತ ವೆಚ್ಚ ಶೇ 20, ಅಂದರೆ 85,000 ರೂಪಾಯಿ ದಾಟುವಂತಿಲ್ಲ. 2020ಕ್ಕೆ ಮೊದಲು ಶೇ 50ರವರೆಗೆ ಅವಕಾಶವಿತ್ತು. ಕಚೇರಿ ಬಾಡಿಗೆ, ಲೆಕ್ಕಿಗರ ಸಂಬಳ, ಆಡಳಿತ ಮಂಡಳಿಯವರ ಓಡಾಟ ಎಲ್ಲ ಆಡಳಿತ ವೆಚ್ಚವೇ. ಬಿಷಪ್ಪರ ಮುಂದಿನ ವಿಮಾನದ ಟಿಕೆಟ್ಟೂ ಇದರೊಳಗೇ ಬರಬೇಕು. ಶಾಲೆಯ ಶಿಕ್ಷಕಿಯ ಸಂಬಳ, ಆಸ್ಪತ್ರೆಯ ವೈದ್ಯರ ಸಂಬಳ ಇದರಲ್ಲಿ ಸೇರುವುದಿಲ್ಲ. ಅವು ಕೆಲಸದ ಖರ್ಚು.

ಇನ್ನು ಮೂರು ಮಾತು ಮರೆಯಬೇಡಿ.

ಒಂದು, ಬಂದ ಹಣವನ್ನು ಬೇರೆ ಸಂಸ್ಥೆಗೆ ಹಂಚುವಂತಿಲ್ಲ. "ಬೆಂಗಳೂರಿನ ಸಂಸ್ಥೆಗೆ ಲೈಸೆನ್ಸ್ ಅದ, ಅವ್ರ ಖಾತೆಗೆ ಹಾಕ್ಸಿ ನಾವು ತಗೊಂತೀವಿ" ಎನ್ನುವ ಹಳೆಯ ಉಪಾಯ 2020ರಿಂದ ಮುಚ್ಚಿದೆ. ಅವರೇ ಬಂದು ನಿಮ್ಮೂರಲ್ಲಿ ಕೆಲಸ ಮಾಡಿಸಬಹುದು, ಹಣ ದಾಟಿಸುವಂತಿಲ್ಲ.

ಎರಡು, ಆ ಹಣದಲ್ಲಿ ಕೊಂಡ ಜಾಗ, ಜೀಪು, ಕಟ್ಟಡ ಸಂಸ್ಥೆಯ ಹೆಸರಿನಲ್ಲೇ ಇರಬೇಕು. ಬಿಷಪ್ಪರ ಹೆಸರಿಗಲ್ಲ, ಮಗನ ಹೆಸರಿಗಲ್ಲ. ನೋಂದಣಿ ರದ್ದಾದರೆ ಉಳಿದ ಹಣ, ಆಸ್ತಿ ಸರ್ಕಾರ ಗೊತ್ತು ಮಾಡಿದ ಅಧಿಕಾರಿಯ ವಶಕ್ಕೆ ಹೋಗುತ್ತದೆ. ಮೂರು ವರ್ಷ ಮತ್ತೆ ಅರ್ಜಿ ಹಾಕಲು ಬರುವುದಿಲ್ಲ.

ಮೂರು, ಪ್ರತಿ ಹಣಕಾಸು ವರ್ಷದ ಲೆಕ್ಕವನ್ನು ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರದೊಂದಿಗೆ ಡಿಸೆಂಬರ್ 31ರೊಳಗೆ ಎಫ್‌ಸಿ-4 ಎಂಬ ಫಾರಂನಲ್ಲಿ ಸಲ್ಲಿಸಬೇಕು. ಒಂದು ಪೈಸೆ ಬರದಿದ್ದ ವರ್ಷವೂ "ಸೊನ್ನೆ" ಎಂದು ತುಂಬಿ ಕಳಿಸಲೇಬೇಕು. ಬಂದಿಲ್ಲವಲ್ಲ ಎಂದು ಸುಮ್ಮನಿದ್ದರೆ ದಂಡ ಕಟ್ಟಬೇಕಾಗುತ್ತದೆ.

ಈ ಕಾಯ್ದೆ ಮೀರಿ ಹಣ ಪಡೆದರೆ ಐದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ ಆಗಬಹುದು. ಹೆದರಿಸಲು ಹೇಳುತ್ತಿಲ್ಲ. ಅಕೌಂಟ್ ನಂಬರ್ ಕಳಿಸುವುದೇನು ಮಹಾ ಎಂದುಕೊಳ್ಳುವವರಿಗೆ ಗೊತ್ತಿರಲಿ ಎಂದು ಹೇಳಿದೆ.

ಪ್ರಯಾಣದ ವಿಚಾರ

ಪಾಸ್‌ಪೋರ್ಟ್ ಇದ್ದರೆ ಮುಂದಿನದು ವೀಸಾ, ಅಂದರೆ ಆ ದೇಶದ ಪ್ರವೇಶ ಪರವಾನಗಿ. ಅಮೆರಿಕದಲ್ಲಿ ಒಂದೇ ಚರ್ಚಿನ ಕೆಲಸಕ್ಕೆ ಸೇರದೆ, ಸಂಬಳ ಪಡೆಯದೆ, ಸಭೆಯಿಂದ ಸಭೆಗೆ ಹೋಗಿ ಪ್ರಸಂಗ ಮಾಡುವ ಬೋಧಕರಿಗೆ ಬಿ-1 ಎಂಬ ಅಲ್ಪಾವಧಿ ವೀಸಾ ಹೊಂದುತ್ತದೆ. ಸಂದರ್ಶನದಲ್ಲಿ ಹೋಗುವ ಕಾರಣ ನೇರವಾಗಿ ಹೇಳಿ. "ಊರು ನೋಡಾಕ" ಎಂದು ಹೇಳಿ ಚರ್ಚುಗಳ ಪಟ್ಟಿ ಚೀಲದಲ್ಲಿಟ್ಟುಕೊಂಡರೆ ಅನುಮಾನ ತಾನಾಗಿ ಹುಟ್ಟುತ್ತದೆ.

ಆತಿಥೇಯರು ಟಿಕೆಟ್, ಊಟ, ವಸತಿ ಕೊಟ್ಟರೆ ಗೃಹ ಸಚಿವಾಲಯದ ಅನುಮತಿ ಬೇಕೆ? ಬೋಧಕರಿಗೆ ಬೇಕಿಲ್ಲ. ಶಾಸಕರು, ಪಕ್ಷದ ಪದಾಧಿಕಾರಿಗಳು, ನ್ಯಾಯಾಧೀಶರು, ಸರ್ಕಾರಿ ನೌಕರರು ಮುಂತಾದವರಿಗೆ ಮಾತ್ರ ಬೇಕು. ಬಿಷಪ್ಪರ ಜತೆಗೆ ಹೊರಟ ಸಭೆಯ ಕಾರ್ಯದರ್ಶಿ ಸರ್ಕಾರಿ ಶಾಲೆಯ ಮೇಷ್ಟ್ರಾಗಿದ್ದರೆ ಅವರು ಮೊದಲೇ ಅನುಮತಿ ಪಡೆಯಬೇಕು. ಇದನ್ನು ಬಹಳ ಜನ ಮರೆಯುತ್ತಾರೆ.

ಲಕೋಟೆಯಲ್ಲಿ ನಗದು ಕೊಟ್ಟರೆ? ನಯವಾಗಿ ಹಿಂದಿರುಗಿಸಿ, "ದಯವಿಟ್ಟು ನಮ್ಮ ಸಂಸ್ಥೆಯ ಖಾತೆಗೇ ಹಾಕಿ" ಎನ್ನಿ. ಪ್ರಯಾಣದ ಸ್ವಂತ ಹಣವೇ ಆದರೂ 5,000 ಡಾಲರಿಗಿಂತ ಹೆಚ್ಚು ವಿದೇಶಿ ನೋಟು ತಂದರೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು.

ದಾನಿಗಳ ಕಡೆಯ ಲೆಕ್ಕವೂ ತಿಳಿದಿರಲಿ. ಅಮೆರಿಕದ ದಾನಿ ಭಾರತದ ಸಭೆಗೆ ನೇರವಾಗಿ ಕೊಟ್ಟರೆ ಅಲ್ಲಿನ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಅಲ್ಲಿನ ನೋಂದಾಯಿತ ಸಂಸ್ಥೆಯ ಮೂಲಕ ಕೊಟ್ಟರೆ ಸಿಗುತ್ತದೆ. ಬ್ರಿಟನ್ನಿನಲ್ಲಿ ಗಿಫ್ಟ್ ಏಡ್ ಎಂಬ ಪದ್ಧತಿಯಿದೆ. ತೆರಿಗೆ ಕಟ್ಟುವವರು ಅಲ್ಲಿನ ಸಂಸ್ಥೆಗೆ ಒಂದು ಪೌಂಡ್ ಕೊಟ್ಟರೆ ಸಂಸ್ಥೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಪಡೆಯುತ್ತದೆ. ಹಾಗಾಗಿ ಒಬ್ಬೊಬ್ಬರನ್ನೇ ಕೇಳುವುದಕ್ಕಿಂತ ಅಲ್ಲಿನ ಒಂದು ಸಂಸ್ಥೆಯೊಡನೆ ಗಟ್ಟಿ ಸಂಬಂಧ ಬೆಳೆಸುವುದು ಮೇಲು.

ಎಲ್ಲಿಗೆ ಹೋಗಬೇಕು, ಎಷ್ಟು ಖರ್ಚು?

ಮೊದಲ ಮೆಟ್ಟಿಲು ಸಂಸ್ಥೆಯ ನೋಂದಣಿ. ಟ್ರಸ್ಟ್ ಆದರೆ ತಾಲ್ಲೂಕಿನ ಉಪನೋಂದಣಾಧಿಕಾರಿ ಕಚೇರಿಯಲ್ಲಿ, ಜನ ಸಬ್‌ರಿಜಿಸ್ಟ್ರಾರ್ ಆಫೀಸು ಎನ್ನುವಲ್ಲಿ, ಟ್ರಸ್ಟ್ ಪತ್ರ ನೋಂದಾಯಿಸಬೇಕು. ಸಂಘ ಆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ರಾಯಚೂರಿನಲ್ಲಿ. ಸಂಘಕ್ಕೆ ಕನಿಷ್ಠ ಏಳು ಜನ ಬೇಕು. ಏಳೂ ಜನ ಒಂದೇ ಮನೆಯವರಾದರೆ ಯಾರೂ ನಂಬುವುದಿಲ್ಲ.

ಆಮೇಲೆ ಸಂಸ್ಥೆಯ ಹೆಸರಿನಲ್ಲಿ ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ. ನೀತಿ ಆಯೋಗದ ದರ್ಪಣ್ ಎಂಬ ತಾಣದಲ್ಲಿ ನೋಂದಾಯಿಸಿ ಒಂದು ಗುರುತಿನ ಸಂಖ್ಯೆ ಪಡೆಯಬೇಕು, ಅದಕ್ಕೆ ದುಡ್ಡಿಲ್ಲ. ಆದಾಯ ತೆರಿಗೆ ಇಲಾಖೆಯಲ್ಲೂ ಧರ್ಮಾರ್ಥ ಸಂಸ್ಥೆ ಎಂದು ನೋಂದಾಯಿಸಬೇಕು. ಹಳಬರು "12ಎ" ಎನ್ನುವುದು ಇದನ್ನೇ. ಇಲ್ಲದಿದ್ದರೆ ಬಂದ ಕಾಣಿಕೆಗೂ ತೆರಿಗೆ ಬೀಳಬಹುದು.

ಎಫ್‌ಸಿಆರ್‌ಎ ಅರ್ಜಿ ಪೂರ್ತಿ ಆನ್‌ಲೈನ್, ಗೃಹ ಸಚಿವಾಲಯದ ಎಫ್‌ಸಿಆರ್‌ಎ ಪೋರ್ಟಲಿನಲ್ಲಿ. ನೋಂದಣಿ ಪತ್ರ, ಮೂರು ವರ್ಷದ ಆಡಿಟ್ ವರದಿ, ಮಾಡಿದ ಕೆಲಸದ ವರದಿ, ಪದಾಧಿಕಾರಿಗಳ ಆಧಾರ್ ಇವೆಲ್ಲ ಬೇಕು. ಆಧಾರ್ ಬದಲು ಭಾರತದ ಪಾಸ್‌ಪೋರ್ಟನ್ನೂ ಗುರುತಿಗೆ ಕೊಡಬಹುದೆಂದು ಸುಪ್ರೀಂ ಕೋರ್ಟ್ ಹೇಳಿದೆ. ಸರ್ಕಾರಿ ಶುಲ್ಕ ಆಗಾಗ ಪರಿಷ್ಕರಣೆಯಾಗುತ್ತದೆ. ಅರ್ಜಿ ಹಾಕುವ ದಿನ ಪೋರ್ಟಲ್ ತೋರಿಸಿದ ಮೊತ್ತವೇ ಸರಿ, ಅಲ್ಲೇ ಆನ್‌ಲೈನಿನಲ್ಲೇ ಕಟ್ಟಬೇಕು. ಶುಲ್ಕಕ್ಕಿಂತ ಹೆಚ್ಚು ಖರ್ಚಾಗುವುದು ಚಾರ್ಟರ್ಡ್ ಅಕೌಂಟೆಂಟ್ ಸಂಭಾವನೆಗೆ. ಅದು ವರ್ಷ ವರ್ಷವೂ ಬರುವ ಖರ್ಚು. ಕೆಲಸ ಒಪ್ಪಿಸುವ ಮೊದಲೇ ಎಷ್ಟೆಂದು ಕೇಳಿ, ಬರೆಸಿಕೊಳ್ಳಿ.

ಮೋಸಕ್ಕೆ ಬೀಳಬೇಡಿ

"ನಿಮ್ಮ ಸಭೆಗೆ ಎರಡು ಕೋಟಿ ಮಂಜೂರಾಗಿದೆ, ಪ್ರೊಸೆಸಿಂಗ್ ಫೀ ಇಪ್ಪತ್ತು ಸಾವಿರ ಕಳಿಸಿ" ಎಂದು ಮೇಲ್ ಬಂದರೆ ಅಳಿಸಿ ಹಾಕಿ. ನಿಮ್ಮ ಹತ್ತಿರ ಎಫ್‌ಸಿಆರ್‌ಎ ಇದೆಯೇ ಎಂದು ನಿಜವಾದ ದಾನಿ ಮೊದಲು ಕೇಳುತ್ತಾನೆ. ಕೇಳದೆಯೇ ನಿಮ್ಮ ಒಟಿಪಿ ಕೇಳುವವನು ದಾನಿಯಲ್ಲ. "ದೆಹಲಿಯಲ್ಲಿ ನಮ್ಮೋರದಾರ, ಲೈಸೆನ್ಸ್ ಕೊಡಸ್ತೀವಿ" ಎನ್ನುವ ದಲ್ಲಾಳಿಗಳಿಂದಲೂ ದೂರವಿರಿ.

ಇದೆಲ್ಲ ಯಾವಾಗ ಶುರು ಮಾಡಬೇಕು?

ಬರುವ ಭಾನುವಾರದಿಂದ. ಒಂದು ರಸೀದಿ ಪುಸ್ತಕ, ಒಂದು ಉದ್ದನೆಯ ಲೆಕ್ಕದ ಪುಸ್ತಕ ತನ್ನಿ. ಕಾಣಿಕೆ ಚೀಲವನ್ನು ಇಬ್ಬರು ಎಣಿಸಲಿ, ಇಬ್ಬರೂ ಸಹಿ ಹಾಕಲಿ. ದಶಮಾಂಶ, ಸುಗ್ಗಿ ಕಾಣಿಕೆ, ಮದುವೆಯ ಕಾಣಿಕೆ ಎಲ್ಲ ಬರೆಯಿರಿ.

ದುಡ್ಡೇ ಇಲ್ಲ ಎನ್ನುವವರು ಮಿಜೋರಾಂ ಕಡೆ ನೋಡಬಹುದು. ಅಲ್ಲಿನ ಹೆಂಗಸರು ಅಡುಗೆಗೆ ಮೊದಲು ಒಂದು ಹಿಡಿ ಅಕ್ಕಿ ಸಭೆಗೆಂದು ತೆಗೆದಿಡುತ್ತಾರೆ. 1910ರಲ್ಲಿ ಶುರುವಾದ ಪದ್ಧತಿ, ಇಂದಿಗೂ ನಡೆದಿದೆ. ಅದರಿಂದಲೇ ಅಲ್ಲಿನ ಪ್ರೆಸ್‌ಬಿಟೇರಿಯನ್ ಸಭೆ ಎಷ್ಟೋ ಬೋಧಕರನ್ನು ಸಾಕಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ ಹಿಡಿ ಅಕ್ಕಿಗೆ ಬರವಿಲ್ಲ. ಆ ಅಕ್ಕಿಯನ್ನು ತೂಗಿ, ಮಾರಿ, ಬಂದ ಹಣಕ್ಕೆ ರಸೀದಿ ಹರಿದರೆ ಅದೂ 15 ಲಕ್ಷದ ಲೆಕ್ಕದ ಕಡೆಗೆ ಒಂದು ಹೆಜ್ಜೆ.

ಅಮೆರಿಕದವರಿಗೆ ಈಗ ಏನು ಬರೆಯಬೇಕು? ಮೂರು ಸಾಲು ಸಾಕು. ನಿಮ್ಮ ಪ್ರೀತಿಗೆ ವಂದನೆ. ನಮ್ಮ ದೇಶದ ಕಾನೂನಿನಂತೆ ಪೂರ್ವಾನುಮತಿಗೆ ಅರ್ಜಿ ಹಾಕುತ್ತೇವೆ, ಅದಕ್ಕೆ ಮೊತ್ತ ಮತ್ತು ಉದ್ದೇಶ ಬರೆದ ಒಂದು ಪತ್ರ ಕಳಿಸಿಕೊಡಿ. ಅನುಮತಿ ಬಂದ ದಿನ ದೆಹಲಿಯ ಖಾತೆಯ ಸಂಖ್ಯೆ ತಿಳಿಸುತ್ತೇವೆ, ಅಲ್ಲಿಯವರೆಗೆ ದಯವಿಟ್ಟು ಹಣ ಕಳಿಸಬೇಡಿ.